ತಳ ಗಟ್ಟಿ ಐತಿ

"ತಳ ಗಟ್ಟಿ ಐತಿ ತಮ್ಮಾ, ಮ್ಯಾಲ ಒಂದು ಕೋಟು ಬಣ್ಣ ಹೊಡದ್ರ ಮುಗೀತು."

ಮೊನ್ನೆ ಭಾನುವಾರ ಮುನಿರಾಬಾದ್ ಆಚೆ ತುಂಗಭದ್ರಾ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ, ಮಗುಚಿ ಹಾಕಿದ್ದ ಹದಿನಾರು ಅಡಿಯ ಫೈಬರ್ ಬೋಟನ್ನು ಅಂಗೈಯಿಂದ ತಟ್ಟುತ್ತ ಅದರ ಮಾಲೀಕ ಹೇಳಿದ ಮಾತಿದು. ಕೊಳ್ಳಲು ಬಂದಿದ್ದ ಹುಡುಗ ತಾನೂ ತಟ್ಟಿ ನೋಡಿದ, ಹೌದೆಂದು ತಲೆಯಾಡಿಸಿದ. ಆ ಮಾತು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ. ಯಾಕೆಂದರೆ ಅದು ಸುಳ್ಳಲ್ಲ. ತಳ ನಿಜಕ್ಕೂ ಗಟ್ಟಿಯಾಗಿತ್ತು. ಆದರೂ ಇಂಜಿನ್ ಸಮೇತ ಕೇಳಿದ ಎಪ್ಪತ್ತು ಸಾವಿರಕ್ಕೆ ಆ ಬೋಟು ಬಾಳುತ್ತಿರಲಿಲ್ಲ.

ನಮ್ಮ ಕಡೆಯವರ ಕಣ್ಣು ಮೊದಲು ತಳಕ್ಕೇ ಹೋಗುವುದು ಸಹಜ. ಆನೆಗೊಂದಿಯಿಂದ ಹಿಡಿದು ರಾಯಚೂರು ಕಡೆಯ ಕೃಷ್ಣೆಯ ನಡುಗಡ್ಡೆಗಳವರೆಗೆ ನಾವು ಕಂಡು ಬೆಳೆದದ್ದು ಹರಿಗೋಲು. ಬಿದಿರಿನ ಹೆಣಿಗೆ, ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ತಾಡಪತ್ರಿ, ಅದರ ಮೇಲೆ ಡಾಂಬರು. ಅದಕ್ಕೆ ಮುಂದು ಹಿಂದು ಇಲ್ಲ. ತಳ ಗಟ್ಟಿ ಇದ್ದರೆ ಹರಿಗೋಲು ಗಟ್ಟಿ, ಅಷ್ಟೇ ಲೆಕ್ಕ. ಇಂಜಿನ್ ಕಟ್ಟುವ ಬೋಟಿಗೆ ಈ ಲೆಕ್ಕ ಹೊಂದುವುದಿಲ್ಲ. 15 ಎಚ್‌ಪಿ ಇಂಜಿನ್ನಿನ ತೂಕ 35–40 ಕಿಲೋ ಇರಬಹುದು, ಆದರೆ ತೂಕ ದೊಡ್ಡದಲ್ಲ. ಅದು ಬೋಟನ್ನು ಮುಂದೆ ತಳ್ಳುವ, ತಿರುವುವ, ಅಲೆಗೆ ಕುಟ್ಟುವ ಅಷ್ಟೂ ಬಲ ಬೀಳುವುದು ಇಂಜಿನ್ ತೂಗುಹಾಕುವ ಹಿಂದಿನ ಹಲಗೆಯ ಮೇಲೆ. ಆ ಹಲಗೆಗೆ ಹೊರಗಷ್ಟೇ ಫೈಬರ್, ಒಳಗೆ ಪ್ಲೈವುಡ್. ಇಂಜಿನ್ ಬೋಲ್ಟಿನ ತೂತು, ನೀರು ಬಸಿಯಲು ಬಿಟ್ಟ ಬಿರಡೆಯ ತೂತು, ಇವುಗಳ ಅಂಚಿನಲ್ಲಿ ನೀರು ತಡೆಯುವ ಸೀಲಂಟ್ ಬಿರುಕುಬಿಟ್ಟರೆ ಹನಿ ಹನಿಯಾಗಿ ನೀರು ಒಳಗೆ ಇಳಿಯುತ್ತದೆ. ಎರಡೂ ಬದಿ ಫೈಬರ್ ಮುಚ್ಚಿರುವುದರಿಂದ ಒಳಗೆ ಹೋದ ನೀರು ಆರಲು ದಾರಿಯಿಲ್ಲ. ಮರ ಕೊಳೆಯುತ್ತದೆ, ಹೊರಗಿನ ಹೊಳಪು ಹಾಗೇ ಇರುತ್ತದೆ.

ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಹಲಗೆಯನ್ನು ನಾಲ್ಕು ಬೆರಳಿಗೊಂದರಂತೆ ತಟ್ಟುತ್ತ ಹೋಗಬೇಕು. ಒಣಮರ ಟಕ್ ಟಕ್ ಎನ್ನುತ್ತದೆ, ನೆನೆದ ಮರ ದಬ್ ಎಂದು ಸತ್ತ ಸದ್ದು ಕೊಡುತ್ತದೆ. ಆಮೇಲೆ ಇಂಜಿನ್ ಕಟ್ಟಿದ ಸ್ಥಿತಿಯಲ್ಲೇ ಪ್ರೊಪೆಲ್ಲರ್ ಇರುವ ಅದರ ಕೆಳಗಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಲಗೆ ಬಾಗುವುದು ಕಣ್ಣಿಗೆ ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ. ಅನುಮಾನ ಉಳಿದರೆ, ಮಾಲೀಕರ ಒಪ್ಪಿಗೆ ಪಡೆದು ಒಳಬದಿಯಿಂದ 5 ಎಂಎಂ ಡ್ರಿಲ್ ಬಿಟ್ಟಿನಲ್ಲಿ ಮೂರು ಕಡೆ ಕೊರೆಯಿರಿ, ಒಂದು ಬಿರಡೆಯ ಪಕ್ಕ, ಎರಡು ಇಂಜಿನ್ ಬೋಲ್ಟುಗಳ ಕೆಳಗೆ. ಬಿಟ್ಟಿನ ತುದಿಯಿಂದ 25 ಎಂಎಂ ಜಾಗ ಬಿಟ್ಟು ಟೇಪ್ ಸುತ್ತಿಕೊಂಡರೆ ಆಚೆ ಬದಿಗೆ ತೂತು ಬೀಳುವುದಿಲ್ಲ. ಬರುವ ಪುಡಿ ತಿಳಿಬಣ್ಣದ್ದಾಗಿ ಒಣಗಿದ್ದರೆ ಸರಿ. ಮೊನ್ನೆ ಬಂದದ್ದು ಒದ್ದೆ ಹೊಗೆಸೊಪ್ಪಿನಂತೆ ಕಪ್ಪಗೆ, ಹಿಂಡಿದರೆ ಬೆರಳು ತೊಯ್ಯುವಷ್ಟು.

ಮಾಲೀಕ ಸುಮ್ಮನಾದ. ಕೊರೆಯಲು ಬಿಟ್ಟದ್ದಕ್ಕೇ ಅವನ ಮೇಲೆ ನನಗೆ ಗೌರವ ಬಂತು. ಮೋಸ ಮಾಡುವ ಮನುಷ್ಯ ಡ್ರಿಲ್ ನೋಡಿದ ಕೂಡಲೇ ಬೇರೆ ಗಿರಾಕಿಯ ಮಾತು ತೆಗೆಯುತ್ತಾನೆ. ಇವನಿಗೂ ಕರಾವಳಿಯಲ್ಲಿ ಯಾರೋ ಇದೇ ಮಾತು ಹೇಳಿಯೇ ಬೋಟನ್ನು ಲಾರಿಗೆ ಏರಿಸಿದ್ದಿರಬೇಕು. ಅಲ್ಲಿದ್ದವರ ಪೈಕಿ ಸರಿಯಾದ ಪ್ರಶ್ನೆ ಕೇಳಿದ್ದು ಹುಡುಗನ ಹೆಂಡತಿ. ಅಷ್ಟು ಹೊತ್ತೂ ದೂರದಲ್ಲಿ ಮಗು ಎತ್ತಿಕೊಂಡು ನಿಂತಿದ್ದವಳು ಹತ್ತಿರ ಬಂದು, "ಕಾಕಾ, ಡ್ಯಾಮ್ ತುಂಬೋದ್ರಾಗ ಇದು ನೀರಿಗೆ ಇಳೀತೈತೇನ್ರಿ?" ಎಂದಳು. ಯಾರ ಬಳಿಯೂ ಉತ್ತರ ಇರಲಿಲ್ಲ.

ಉತ್ತರ ಕೆಲಸದ ಲೆಕ್ಕದಲ್ಲಿದೆ. ಒಳಗಿನ ಫೈಬರ್ ಪದರನ್ನು ಗ್ರೈಂಡರಿನಿಂದ ಕೊಯ್ದು, ಒಳಗಿನ ಮರವನ್ನು ಉಳಿಯಿಂದ ಪೂರ್ತಿ ಕೆತ್ತಿ ತೆಗೆಯಬೇಕು. "ಕೊಳೆತಷ್ಟೇ ತೆಗೀರಿ" ಅನ್ನುವ ಮಿಸ್ತ್ರಿ ಸಿಕ್ಕರೆ ಬೇರೆಯವರನ್ನು ಹುಡುಕಿ, ಉಳಿದ ಒದ್ದೆ ತುಂಡಿನಿಂದಲೇ ಕೊಳೆ ಮತ್ತೆ ಹಬ್ಬುತ್ತದೆ. ಹೊಸ ಮರಕ್ಕೆ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್, 18 ಎಂಎಂ. ಎರಡು ಪದರ ಅಂಟಿಸಿ 36 ಎಂಎಂ ಮಾಡಿಕೊಳ್ಳಬೇಕು. ಹದಿನಾರು ಅಡಿಯ ಬೋಟಿನ ಹಲಗೆ ಸುಮಾರು ನಾಲ್ಕೂವರೆ ಅಡಿ ಅಗಲ, ಎರಡಡಿ ಎತ್ತರ. 8×4ರ ಒಂದೇ ಹಾಳೆಯಲ್ಲಿ ಎರಡೂ ತುಂಡು ಬರುತ್ತವೆ. ಮೂಲೆಗಳನ್ನು ರೆಸಿನ್ ಎಂಬ ಫೈಬರ್ ಅಂಟಿನ ಪುಟ್ಟಿಯಿಂದ ದುಂಡಗೆ ತುಂಬಿ, ಅದರ ಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ಎಳೆಯ ಹಾಸು) ನಾಲ್ಕು ಪದರ. ಹಳೆ ಫೈಬರಿಗೆ ಹೊಸದು ಕೂಡುವಲ್ಲಿ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು, 5 ಎಂಎಂ ದಪ್ಪಕ್ಕೆ 60 ಎಂಎಂ. ಈ ಉಜ್ಜುವಿಕೆಯಲ್ಲಿ ಕೈ ಬಿಗಿ ಮಾಡಿದರೆ ಆರು ತಿಂಗಳಲ್ಲಿ ಅಂಚು ಏಳುತ್ತದೆ.

ಒಂದು ಚದರ ಮೀಟರ್ ಮ್ಯಾಟ್ ಸುಮಾರು ಒಂದು ಕಿಲೋ ರೆಸಿನ್ ಕುಡಿಯುತ್ತದೆ. ಹಲಗೆಗೆ 10 ಕಿಲೋ, ನೆಲದ ಪ್ಲೈ ಬದಲಿಸುವುದಾದರೆ ಇನ್ನೊಂದು 15. ನಮ್ಮ ಬಿಸಿಲಿನಲ್ಲಿ ರೆಸಿನ್ ಗಟ್ಟಿ ಮಾಡುವ ಹಾರ್ಡನರ್ ಕಿಲೋಗೆ 10 ಎಂಎಲ್ ಸಾಕು. 20 ಹಾಕಿದರೆ ಬ್ರಷ್ ಅದ್ದುವುದರೊಳಗೆ ಡಬ್ಬಿಯಲ್ಲೇ ಕುದಿದು ಕಲ್ಲಾಗುತ್ತದೆ. ಬಿಸಿಲಿಗೆ ಹೇಗೂ ಬೇಗ ಆರುತ್ತದೆಂದು ಹತ್ತಕ್ಕಿಂತ ಕಡಿಮೆಯೂ ಬೇಡ, ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಬೆಳಗಿನ ಒಂಬತ್ತರೊಳಗೆ, ಅರ್ಧ ಅರ್ಧ ಕಿಲೋ ಕಲಸಿ ಕೆಲಸ ಮುಗಿಸಬೇಕು. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವ ಬೇರೆಯಾಗಿ ಬರುವ ರೆಸಿನ್ ಆದರೆ ಮೊದಲು ಕೋಬಾಲ್ಟ್ ಬೆರೆಸಿ, ಚೆನ್ನಾಗಿ ತಿರುವಿ, ಆಮೇಲೆ ಹಾರ್ಡನರ್. ಎರಡನ್ನೂ ನೇರವಾಗಿ ಒಂದಕ್ಕೊಂದು ಸುರಿದರೆ ಸ್ಫೋಟವಾಗಬಹುದು, ಇದರಲ್ಲಿ ಸದರ ಬೇಡ.

ಬೋಟು ತೇಲಲೆಂದು ಅದರ ನೆಲದ ಕೆಳಗೆ ತುಂಬಿದ ಫೋಮ್ ಇನ್ನೊಂದು ಗುಪ್ತ ಖರ್ಚು. ಅದು ನೀರು ಹೀರಿದ್ದರೆ ತೇಲಿಸಬೇಕಾದ್ದೇ ಹೊರೆಯಾಗುತ್ತದೆ. ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿಗಳ ಹತ್ತಿರ ವೇಬ್ರಿಡ್ಜ್ ಸಿಗುತ್ತವೆ. ಟ್ರ್ಯಾಲಿ ಖಾಲಿ ತೂಗಿಸಿ, ಬೋಟು ಹೇರಿ ತೂಗಿಸಿ, ಕಟ್ಟಿದವರು ಕೊಟ್ಟ ತೂಕದ ಜೊತೆ ಹೋಲಿಸಿ. ಹತ್ತು ಕಿಲೋ ಹೆಚ್ಚುಕಡಿಮೆ ಬಿಟ್ಟುಬಿಡಿ. ಐವತ್ತು ಅರವತ್ತು ಕಿಲೋ ಜಾಸ್ತಿ ಬಂದರೆ ನೆಲ ಬಿಚ್ಚಲೇಬೇಕು.

ಇಂಜಿನ್ನನ್ನು ಬೋಟಿನ ಬೆಲೆಯಲ್ಲಿ ಸೇರಿಸಲು ಬಿಡಬೇಡಿ, ಬೇರೆ ದರ ಕೇಳಿ. ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಬರುವ ಎಣ್ಣೆ ಹಾಲುಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ. ಇಲ್ಲಿ ಅದಕ್ಕೆ ಮುಖ್ಯ ಕಾರಣ ಬಲೆ. ನೈಲಾನ್ ಎಳೆ ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತದೆ. ಸೀಲ್ ಅಗ್ಗ, ಆದರೆ ನೀರಿನಲ್ಲೇ ತಿರುಗಿದ ಬೇರಿಂಗ್, ಗೇರು ಅಗ್ಗವಲ್ಲ. ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಒಂದಕ್ಕೊಂದು ಶೇಕಡಾ 10ರೊಳಗೆ ಇರಬೇಕು. ಹೂಳು ಕಲಸಿದ ನೀರಲ್ಲಿ ಓಡಿದ ಇಂಜಿನ್ನಿಗೆ ಅದನ್ನು ತಣಿಸುವ ನೀರಿನ ಪಂಪಿನ ರಬ್ಬರ್ ರೆಕ್ಕೆಚಕ್ರ (ಇಂಪೆಲ್ಲರ್) ಹೇಗಿದ್ದರೂ ಹೊಸದು ಹಾಕಿ. ಇಂಜಿನ್ ಬೋಟಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ ಬೇಕು, ಹಾಗಾಗಿ ಇಂಜಿನ್ ನಂಬರ್ ಇರುವ ಮೂಲ ಬಿಲ್ಲು ಇಲ್ಲದೆ ಹಣ ಕೊಡಬೇಡಿ.

ಆ ಬೋಟಿಗೆ ಅಲ್ಲೇ ಕೂತು ಹಾಕಿದ ಲೆಕ್ಕ ಹೀಗೆ ಬಂತು. ಸಾಮಾನಿಗೆ 20 ಸಾವಿರದ ಆಸುಪಾಸು, ಇಬ್ಬರ ಎರಡು ವಾರದ ಕೂಲಿ ಹೆಚ್ಚುಕಡಿಮೆ ಅಷ್ಟೇ, ಇಂಜಿನ್ನಿಗೆ ಕನಿಷ್ಠ ಆರು ಸಾವಿರ, ಬಿಚ್ಚಿದ ಮೇಲೆ ಕಾಣುವುದಕ್ಕೆಂದು ಒಟ್ಟಿನ ಕಾಲುಭಾಗ. ಎಪ್ಪತ್ತರ ಮೇಲೆ ಇನ್ನೊಂದು ಐವತ್ತೈದು, ಅರವತ್ತು. ಕೊಂಡ ಬೆಲೆ, ದುರಸ್ತಿ ಎರಡೂ ಸೇರಿ ಹೊಸದರ ಮೂರರಲ್ಲಿ ಎರಡು ಪಾಲು ದಾಟಿದರೆ ಕೈಬಿಡಿ ಎನ್ನುವುದು ನನ್ನ ಅಳತೆ. ಗಳಿಕೆಯನ್ನು ಹನ್ನೆರಡು ತಿಂಗಳಿಗೆ ಗುಣಿಸುವುದೂ ತಪ್ಪು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ ಇರಬಹುದು, ಬೇಸಿಗೆಯಲ್ಲಿ ದಂಡೆ ಎಷ್ಟು ದೂರ ಸರಿಯುತ್ತದೆಂದು ಇಲ್ಲಿಯವರಿಗೆ ಗೊತ್ತು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ಕಡಿದಾಗ ತುಂಬಿದ ನೀರೇ ಹರಿದು ಹೋಯಿತು. ಹುಡುಗನ ಹೆಂಡತಿ ಕೇಳಿದ್ದು ಇದನ್ನೇ. ನೀರು ಬರುವ ಹೊತ್ತಿಗೆ ಬೋಟು ದಂಡೆಯಲ್ಲೇ ಇದ್ದರೆ ಆ ಹಂಗಾಮಿನ ನಷ್ಟ ರೆಸಿನ್ನಿನ ಬಿಲ್ಲಿಗಿಂತ ದೊಡ್ಡದು.

ಹರಿಗೋಲು ಹರಿದರೆ ಅಂಬಿಗನೇ ಸಂಜೆಯೊಳಗೆ ಹೊಲಿದು ಡಾಂಬರು ಬಳಿದುಕೊಳ್ಳುತ್ತಾನೆ. ಸಾಮಾನು ಊರಲ್ಲೇ ಸಿಗುತ್ತದೆ, ವಿದ್ಯೆ ಮನೆಯಲ್ಲೇ ಇದೆ. ಫೈಬರ್ ಬೋಟು ಕೊಂಡವನು ಮೊದಲ ಬಿರುಕಿಗೇ ಪೇಟೆಯ ಮಿಸ್ತ್ರಿಯ ಫೋನಿಗೆ ಕಾಯುತ್ತಾನೆ. ಹಳೆ ಬೋಟು ದುಬಾರಿಯಾಗುವುದು ಬಹುಪಾಲು ಇಲ್ಲಿಯೇ. ಮ್ಯಾಟ್ ಹಾಕುವುದನ್ನು ಕೊಂಡವನೇ ಕಲಿತರೆ ಕೂಲಿಯ ಪಾಲು ಇಳಿಯುತ್ತದೆ, ಮುಂದಿನ ದುರಸ್ತಿಯೂ ಅವನ ಕೈಯಲ್ಲೇ ಉಳಿಯುತ್ತದೆ. ನಮ್ಮ ಮೀನುಗಾರರಿಗೆ ಬೋಟು ಕೊಡಿಸುವ ಮಾತು ಬಂದಾಗಲೆಲ್ಲ ಈ ಕೈಕೆಲಸ ಕಲಿಸುವ ಮಾತೂ ಜೊತೆಗೆ ಬರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಹುಡುಗನಿಗೆ ಕೈ ಚುರುಕಿದೆ, ಬಲೆ ಹೆಣೆಯುವ ಬೆರಳುಗಳಿಗೆ ಮ್ಯಾಟ್ ಕಷ್ಟವೇನಲ್ಲ.

ಕೊನೆಗೆ ಅವನು ಇಂಜಿನ್ ಬೇಡ, ಬರೀ ಬೋಟಿಗೆ ಇಪ್ಪತ್ತೈದು ಸಾವಿರ ಎಂದ. ಮಾಲೀಕ ಮನೆಯಲ್ಲಿ ಕೇಳಿ ಹೇಳುತ್ತೇನೆಂದ. ಒಪ್ಪಿದರೆ ಮೊದಲ ಕೆಲಸ ಹಲಗೆ ಬಿಚ್ಚಿ, ಮರ ತೆಗೆದು, ಉಳಿದ ಫೈಬರನ್ನು ಬಿಸಿಲಿಗೆ ಒಣಗಲು ಬಿಡುವುದು. ಅದು ಆರುವ ತನಕ ರೆಸಿನ್ ತರಬೇಡ ಎಂದಿದ್ದೇನೆ. ಈ ಸೆಕೆಯಲ್ಲಿ ತಗಡಿನ ಮನೆಯೊಳಗಿಟ್ಟರೆ ಹಾರ್ಡನರ್ ಹಾಕದೆಯೂ ರೆಸಿನ್ ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತದೆ.