ನಾಳೆ ಬಹ್ರೇನ್

9 ಮಾರ್ಚ್ 2022, ಬುಧವಾರ ರಾತ್ರಿ

ನಾಳೆ ಮಧ್ಯಾಹ್ನ ಹನ್ನೆರಡೂವರೆಗೆ ಬಹ್ರೇನಿನಲ್ಲಿ ಎಫ್‌ಒನ್ (ಫಾರ್ಮುಲಾ ಒನ್ ಕಾರ್ ರೇಸ್) ಟೆಸ್ಟಿಂಗ್ ಶುರು. ಮೂರೇ ದಿನ. 20ನೇ ತಾರೀಕು ಮೊದಲ ರೇಸ್. ನಿದ್ದೆ ಹತ್ತುತ್ತಿಲ್ಲ, ಬಾರ್ಸಿಲೋನಾ ಟೆಸ್ಟಿನ ತುಣುಕುಗಳನ್ನೇ ನೋಡುತ್ತಾ ಕೂತಿದ್ದೀನಿ. ಸ್ಟ್ರೇಟ್‌ನ ಕೊನೆಗೆ ಬರುವಷ್ಟರಲ್ಲಿ ಫೆರಾರಿ ಗಾಡಿ ಕುಪ್ಪಳಿಸೋಕೆ ಶುರುಮಾಡುತ್ತೆ, ಒಳಗೆ ಚಾಲಕ ಲೆಕ್ಲೆರ್ ಹೆಲ್ಮೆಟ್ ಮೇಲೆ ಕೆಳಗೆ ಅದುರುತ್ತೆ. ನೋಡುವವರಿಗೇ ಕತ್ತು ನೋಯುತ್ತೆ. ಇದು ಸುರಕ್ಷತೆಯ ಪ್ರಶ್ನೆ ಆಗಬಹುದು ಅಂತ ಇನ್ನೊಬ್ಬ ಚಾಲಕ ರಸೆಲ್ ಹೇಳಿದ್ದು ನನಗಂತೂ ನೂರಕ್ಕೆ ನೂರು ಸರಿ ಅನ್ನಿಸಿದೆ.

ಸಂಜೆ ಮುರುಗೇಶಪಾಳ್ಯಕ್ಕೆ ಹೋಗಿದ್ದೆ. ದೊಡ್ಡಪ್ಪ ಎನ್‌ಎಎಲ್ (ವಿಮಾನ ಸಂಶೋಧನೆಯ ಸಂಸ್ಥೆ) ಬಿಟ್ಟು ಇಷ್ಟು ವರ್ಷವಾದರೂ ವಿಂಡ್ ಟನಲ್ (ಮಾಡೆಲ್ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸೋ ಸುರಂಗ) ಅಂದರೆ ಸಾಕು, ಟಿವಿ ಆಫ್ ಮಾಡಿ ನೆಟ್ಟಗೆ ಕೂರ್ತಾರೆ. ಫೋನಲ್ಲಿ ಆ ವಿಡಿಯೊ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇಷ್ಟು ದುಡ್ಡಿರೋರು, ಟನಲ್‌ನಲ್ಲಿ ಇದನ್ನ ನೋಡ್ಲಿಲ್ವೇನಮ್ಮಾ?"

ಬಿಡಿಸಿ ಹೇಳಿದೆ. 1983ರಿಂದ ಇವರ ಗಾಡಿಗಳ ತಳ ಚಪ್ಪಟೆ ಇರಬೇಕು ಅಂತಿತ್ತು. ಈ ವರ್ಷ ಅಡಿಯಲ್ಲಿ ಎರಡು ವೆಂಚುರಿ ಸುರಂಗ ಬಂದಿವೆ. ಗಾಳಿ ಅಲ್ಲಿ ಇರುಕಿಕೊಂಡು ವೇಗ ಹೆಚ್ಚಿಸಿಕೊಳ್ಳುತ್ತೆ, ಒತ್ತಡ ಇಳಿಯುತ್ತೆ, ಗಾಡಿಯನ್ನು ನೆಲ ಎಳೆದುಕೊಳ್ಳುತ್ತೆ. ಇಷ್ಟೆಲ್ಲ ಮಾಡಿದ್ದು ಹಿಂದಿನ ಗಾಡಿಯವನಿಗೋಸ್ಕರ. ಮುಂದಿನ ಗಾಡಿಯಿಂದ ಹತ್ತು ಮೀಟರ್ ಹಿಂದಿದ್ದರೆ ಹಳೇ ಗಾಡಿ 46% ಡೌನ್‌ಫೋರ್ಸ್ (ಗಾಡಿಯನ್ನು ನೆಲಕ್ಕೆ ಒತ್ತೋ ಬಲ) ಕಳೆದುಕೊಳ್ಳುತ್ತಿತ್ತು, ಹೊಸದು 18% ಮಾತ್ರ ಅನ್ನೋದು ಎಫ್‌ಒನ್‌ನವರ ಲೆಕ್ಕ. ಇನ್ನು ಟನಲ್ ವಿಚಾರ: ಮಾಡೆಲ್ 60% ಅಳತೆಯದು, ಗಾಳಿ ಸೆಕೆಂಡಿಗೆ 50 ಮೀಟರ್ ಮೀರೋ ಹಾಗಿಲ್ಲ. ಅಂದರೆ ಗಂಟೆಗೆ 180 ಕಿಲೋಮೀಟರ್. ಗಾಡಿ ಕುಣಿಯೋದು ಮುನ್ನೂರರ ಹತ್ತಿರ.

"ವೇಗ ಬಿಡು. ಮಾಡೆಲ್ ಯಾವುದರ ಮೇಲೆ ನಿಂತಿರುತ್ತೆ?"

"ಮೇಲಿಂದ ಒಂದು ಕಂಬದಲ್ಲಿ ಹಿಡಿದಿರ್ತಾರೆ ದೊಡ್ಡಪ್ಪ, ಕೆಳಗೆ ಬೆಲ್ಟ್ ಓಡುತ್ತೆ."

"ಹಿಡಕೊಂಡಿರೋದು ಹೆಂಗೆ ಕುಣಿಯುತ್ತೆ? ನಾವೂ ವಿಮಾನದ ಮಾಡೆಲನ್ನ ಸ್ಟಿಂಗ್‌ಗೆ, ಅಂದರೆ ಹಿಂದಿನಿಂದ ಹಿಡಿಯೋ ಸರಳಿಗೆ, ಸಿಕ್ಕಿಸ್ತಿದ್ವಿ. ಟ್ಯಾಂಕಿನ ಗಾಳಿ ಕೆಲವೇ ಸೆಕೆಂಡು, ಅಷ್ಟರಲ್ಲಿ ಬಲ ಎಷ್ಟು ಅಂತ ಓದ್ಕೋಬೇಕು. ಆ ಅಂಕಿ ಸರಿಯಾದದ್ದೇ. ಆದರೆ ಅದು ಹಿಡಿದಿಟ್ಟ ವಿಮಾನದ ಅಂಕಿ. ಬಿಟ್ಟ ವಿಮಾನ ಏನ್ ಮಾಡುತ್ತೆ ಅನ್ನೋದಕ್ಕೆ ಬೇರೆ ಪರೀಕ್ಷೆನೇ ಬೇಕು."

ಆಮೇಲೆ ಫ್ರಿಜ್ ಮೇಲಿದ್ದ ಕರೆಂಟ್ ಬಿಲ್ ಮತ್ತು ಇನ್ಯಾವುದೋ ರಸೀದಿ ತಂದರು. ಎರಡನ್ನೂ ತುಟಿ ಮುಂದೆ ಇಷ್ಟೇ ಸಂದು ಬಿಟ್ಟು ಇಳಿಬಿಟ್ಟು ನಡುವೆ ಊದಿದರು. ದೂರ ಹೋಗಬೇಕಿದ್ದ ಕಾಗದಗಳು ಹತ್ತಿರ ಬಂದು ಅಂಟಿಕೊಂಡವು, ಅಂಟಿದ ಕೂಡಲೆ ದಾರಿ ಮುಚ್ಚಿತು, ಬಿಟ್ಟುಕೊಂಡವು, ಮತ್ತೆ ಅಂಟಿದವು. ಪುರ್ರ್ ಅಂತ ಸದ್ದು. ಮೆಲ್ಲಗೆ ಊದಿದಾಗ ಏನೂ ಇಲ್ಲ, ಬರೀ ಹತ್ತಿರ ವಾಲುತ್ತವೆ. ಜೋರು ಮಾಡಿದರೆ ಮಾತ್ರ ಈ ಕುಣಿತ. "ಕೆಳಗಡೆ ಎರಡೂ ಮೂಲೆ ಹಿಡ್ಕೋ" ಅಂದರು. ಹಿಡಿದೆ. ಸದ್ದು ನಿಂತಿತು.

ಬಾರ್ಸಿಲೋನಾದಲ್ಲಿ ಆಗಿದ್ದೂ ಇದೇ ತಾನೆ! ತಳ ನೆಲಕ್ಕೆ ಅತಿಯಾಗಿ ಹತ್ತಿರವಾದಾಗ ಗಾಳಿ ಕಟ್ಟಿಕೊಳ್ಳುತ್ತೆ, ಎಳೆತ ತಪ್ಪುತ್ತೆ, ಗಾಡಿ ಏಳುತ್ತೆ, ಗಾಳಿ ಮತ್ತೆ ಹರಿಯುತ್ತೆ, ಮತ್ತೆ ಎಳೆತ. 1978ರಲ್ಲಿ ಆಂಡ್ರೆಟ್ಟಿ ಇಂಥದ್ದೇ ಸುರಂಗವಿದ್ದ ಲೋಟಸ್ 79 ಗಾಡಿಯಲ್ಲಿ ಚಾಂಪಿಯನ್ ಆದ ಕಾಲದವರಿಗೆ ಪಾರ್ಪಾಯ್ಸಿಂಗ್ ಅನ್ನೋ ಈ ಕುಣಿತ ಚೆನ್ನಾಗಿ ಗೊತ್ತಿತ್ತು. ನಡುವೆ ನಲವತ್ತು ವರ್ಷ ಚಪ್ಪಟೆ ತಳದಲ್ಲೇ ಕಳೆದುಹೋಯಿತು.

ದೊಡ್ಡಮ್ಮ ಊಟಕ್ಕೆ ಎಬ್ಬಿಸಿದರು. ಟಿವಿ ಹಾಕಿದರೆ ಮತ್ತೆ ಉಕ್ರೇನ್ ಯುದ್ಧದ ಖಾರ್ಕಿವ್. ಅಲ್ಲಿ ಸತ್ತ ನಮ್ಮ ಹಾವೇರಿಯ ಹುಡುಗನ ದೇಹ ಇನ್ನೂ ಬಂದಿಲ್ಲ. ಯುದ್ಧ ಶುರುವಾದ ಮರುದಿನ ಬಾರ್ಸಿಲೋನಾ ಟೆಸ್ಟಿನಲ್ಲಿ ಹಾಸ್ ಟೀಮಿನ ಗಾಡಿ ರಷ್ಯಾದ ಬಣ್ಣ ಕಳಚಿ ಬರೀ ಬಿಳಿಯಾಗಿ ಓಡಿದ್ದು ನೆನಪಾಯಿತು. ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಆಫೀಸಿನ ಕೆಲಸದ್ದೇ ಯೋಚನೆ. ನಾವು ಕಂಪ್ಯೂಟರಿನಲ್ಲಿ ದಿನಾ ಓಡಿಸೋ ಗಾಳಿ ಹರಿವಿನ ಸಿಮ್ಯುಲೇಷನ್‌ಗಳಲ್ಲಿ ಹೆಚ್ಚಿನವು ಸ್ಟೆಡಿ ಸ್ಟೇಟ್. ಗಾಡಿ ಅಲುಗಾಡಲ್ಲ, ರೈಡ್ ಹೈಟ್ (ನೆಲದಿಂದ ತಳದ ಎತ್ತರ) ಒಂದೇ, ಏರಿಳಿತ ಇದ್ದರೂ ಸರಾಸರಿಯಲ್ಲಿ ಕರಗಿಹೋಗುತ್ತೆ. ಬಣ್ಣಬಣ್ಣದ ಪ್ರೆಷರ್ ಚಿತ್ರ ಎಷ್ಟು ಚೆಂದ ಬಂದಿರುತ್ತೆ ಅಂದರೆ, ಮೀಟಿಂಗಿನಲ್ಲಿ ಯಾರೂ ಮುಂದಕ್ಕೆ ಕೇಳಲ್ಲ. ಇನ್ನು ಮೇಲೆ ನಾನು ಕೇಳ್ತೀನಿ. ಬಿಟ್ಟ ಗಾಡಿ ಏನು ಮಾಡುತ್ತೆ ಅಂತ ಕೇಳದೆ ಆ ಚಿತ್ರಕ್ಕೆ ಸಹಿ ಹಾಕಲ್ಲ.

ಎಲ್ಲ ಟೀಮಿನವರೂ ಈ ಹತ್ತು ಹನ್ನೆರಡು ದಿನ ನಿದ್ದೆಗೆಟ್ಟು ಕೆಲಸ ಮಾಡಿರ್ತಾರೆ. ಗಾಡಿ ಎತ್ತರಿಸಿದರೆ ಕುಣಿತ ನಿಲ್ಲುತ್ತೆ, ಆದರೆ ಸುರಂಗ ಕೊಟ್ಟ ಡೌನ್‌ಫೋರ್ಸೂ ಹೋಗುತ್ತೆ. ತಳದ ಅಂಚು ಕತ್ತರಿಸಬಹುದು. ಅಂಚು ಬಾಗದಂತೆ ಆಸರೆ ಕಡ್ಡಿ ಹಾಕೋಕೆ ರೇಸಿನ ನಿಯಮ ಮಾಡೋ ಎಫ್‌ಐಎ ಒಪ್ಪುತ್ತೆ ಅಂತಲೂ ಸುದ್ದಿ ಇದೆ. ದೊಡ್ಡಪ್ಪ ನನ್ನ ಕೈಲಿ ಹಿಡಿಸಿದ ಮೂಲೆ ಅದೇ. ಫೆರಾರಿಯ ಸೈಡ್‌ಪಾಡ್ (ಗಾಡಿಯ ಪಕ್ಕದ ಉಬ್ಬು) ಮೇಲಿನ ಆ ತಗ್ಗು, ಆಸ್ಟನ್ ಮಾರ್ಟಿನ್‌ನ ಸೀಳುಗಳ ಸಾಲು, ಎಲ್ಲರ ಕಣ್ಣೂ ಅವುಗಳ ಮೇಲೆ. ನಾನು ನಾಳೆ ನೋಡೋದು ತಳದ ಅಂಚನ್ನೇ.

ಆದರೆ ಅಂಚು ಬಿಗಿಯಾಗಿ ನಿಂತೂ ಗಾಡಿ ಕುಣಿದರೆ? ಆಗ ಅದು ಸಸ್ಪೆನ್ಷನ್ನು, ಟೈರು ಎರಡರ ಪ್ರಶ್ನೆ. ಅದುರು ತಗ್ಗಿಸೋ ಸಾಧನಗಳಲ್ಲಿ ಇನರ್ಟರ್‌ಗೆ ಈ ವರ್ಷ ನಿಷೇಧ, ಮಾಸ್ ಡ್ಯಾಂಪರ್ 2006ರಲ್ಲೇ ಹೋಯಿತು. ಟೈರ್ ಬೇರೆ 13 ಇಂಚಿನ ರಿಮ್ಮಿನಿಂದ 18ಕ್ಕೆ ಬಂದಿದೆ, ಪಕ್ಕದ ಗೋಡೆ ಗಿಡ್ಡ, ಹಳೇದರಷ್ಟು ಬಳುಕೋದಿಲ್ಲ. ಅಂದಮೇಲೆ ಅದುರನ್ನು ನುಂಗೋದಕ್ಕೆ ಉಳಿದಿರೋದು ಡ್ಯಾಂಪರ್ ಒಂದೇ, ಅದನ್ನ ಗಟ್ಟಿ ಮಾಡಿದರೆ ಚಾಲಕನ ಬೆನ್ನು ನೋಯುತ್ತೆ.