ಮೂರು ಸಲ ಎಸೆದ ಕಲ್ಲು

ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ಒಂದೇ ಪದ ಎರಡು ಸಲ ಕಂಡರೆ ನನ್ನ ಕೆಂಪು ಪೆನ್ನು ಸುಮ್ನೆ ಇರುತ್ತಿರಲಿಲ್ಲ. ಒಂದು ಕಥೆಯಲ್ಲಿ ಹೀಗಿತ್ತು: ‘ಕೆರೆಯ ಕಟ್ಟೆ ಮೇಲೆ ಕುಳಿತ ಮುದುಕ ಕಲ್ಲು ಎಸೆದ, ಕಲ್ಲು ಎಸೆದ, ಕತ್ತಲಾಗುವವರೆಗೂ ಕಲ್ಲು ಎಸೆದ.’ ನಾನು ಅದನ್ನು ‘ಮುದುಕ ದಡದಲ್ಲಿ ಕುಳಿತು ಸಂಜೆಯವರೆಗೂ ಕಲ್ಲು ಎಸೆಯುತ್ತಿದ್ದ’ ಎಂದು ತಿದ್ದಿದೆ. ಆರು ಪದ ಉಳಿಸಿದೆ ಅಂತ ಖುಷಿ ಬೇರೆ.

ಕಥೆಗಾರರು ಫೋನ್ ಮಾಡಿದರು. ಬೈಯಲಿಲ್ಲ. ‘ಎರಡನ್ನೂ ಒಂದ್ಸಲ ಜೋರಾಗಿ ಓದಿ ನೋಡಿ’ ಅಂದರು, ಅಷ್ಟೇ.

ಓದಿದೆ. ಅವರ ಸಾಲಿನಲ್ಲಿ ‘ಎಸೆದ’ ಅಂದಾಗಲೆಲ್ಲ ಒಂದು ಕಲ್ಲು ನೀರಿಗೆ ಬೀಳುತ್ತಿತ್ತು. ನನ್ನ ಸಾಲಿನಲ್ಲಿ ಮುದುಕನ ಬೇಜಾರು ಮಾಯವಾಗಿ ಬರೀ ಸುದ್ದಿ ಉಳಿದಿತ್ತು. ಕೆರೆ, ಕಟ್ಟೆ, ಕುಳಿತ, ಕಲ್ಲು, ಕತ್ತಲು: ಆ ‘ಕ’ಕಾರದ ಸಾಲನ್ನಂತೂ ನಾನು ನೋಡಿಯೇ ಇರಲಿಲ್ಲ. ಶಾಲೆಯಲ್ಲಿ ವೃತ್ತ್ಯನುಪ್ರಾಸ ಅಂತ ಬಾಯಿಪಾಠ ಮಾಡಿದ್ದು ಇದನ್ನೇ ಅಲ್ವಾ? ಪರೀಕ್ಷೆಯಲ್ಲಿ ಗುರುತಿಸಿ ಅಂಕ ತೆಗೆದುಕೊಂಡವನಿಗೆ ಕೆಲಸದ ಮೇಜಿನ ಮೇಲೆ ಅದರ ಗುರುತೇ ಸಿಗಲಿಲ್ಲ.

ಅವತ್ತಿನಿಂದ ತುಟಿ ಅಲ್ಲಾಡಿಸದೆ ನಾನು ಏನನ್ನೂ ತಿದ್ದುವುದಿಲ್ಲ. ಅನುಮಾನ ಬಂದರೆ ಪದ ಬದಲಿಸಿ ಓದುತ್ತೇನೆ. ‘ತಾಳಿದವನು ಬಾಳಿಯಾನು’ ಎಂಬುದನ್ನು ‘ಸಹಿಸಿದವನು ಬದುಕಿಯಾನು’ ಅಂತ ಹೇಳಿ ನೋಡಿ. ಅರ್ಥ ಅದೇ, ಗಾದೆ ಮಾತ್ರ ಸತ್ತುಹೋಯಿತು. ಇಲ್ಲಿ ದುಡಿಯುವುದು ಎರಡನೇ ಅಕ್ಷರದ ‘ಳ’. ಹಳೆಯ ಕವಿಗಳು ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ತರಲು ಹಠ ಹಿಡಿಯುತ್ತಿದ್ದರು. ಅದೇ ಆದಿಪ್ರಾಸ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಪ್ರಾಸದ ಚರ್ಚೆ ಇದೆ. ಸಾಲಿನ ಕೊನೆ ಬಿಟ್ಟು ಶುರುವಿಗೆ ಯಾಕೆ ಗಂಟುಬಿದ್ದರು? ನನ್ನ ಊಹೆ ಇಷ್ಟು: ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಬಂದನು, ನಿಂದನು, ಅಂದನು ಅಂತ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಕವಿಯ ಜಾಣತನವೇನು ಬಂತು? 1911ರಲ್ಲಿ ಗೋವಿಂದ ಪೈ ಆದಿಪ್ರಾಸ ಬಿಟ್ಟು ಬರೆದರು. ಆಮೇಲೆ ನಿಯಮ ಸಡಿಲವಾಯಿತು, ಕಿವಿಯ ಚಟ ಹೋಗಲಿಲ್ಲ.

ಹಾಗಂತ ಎಲ್ಲ ಮರುದನಿಯನ್ನೂ ಉಳಿಸುತ್ತೇನೆ ಅಂತಲ್ಲ. ‘ಸಭೆಯಲ್ಲಿ ನಡೆದ ಚರ್ಚೆಯಲ್ಲಿ ಮೊದಲ ಹಂತದಲ್ಲಿ ಕೆಲಸದಲ್ಲಿ ಆದ ವಿಳಂಬ...’ ಅಂತ ಬಂದರೆ ‘ಅಲ್ಲಿ ಅಲ್ಲಿ’ ಅಂತ ಬೆರಳು ತೋರಿಸಿದ ಹಾಗಿರುತ್ತದೆ. ‘ಕೆಲಸ ತಡವಾಗಿದ್ದು ಯಾಕೆ ಅಂತ ಸಭೆ ಚರ್ಚಿಸಿತು’ ಎಂದರೆ ಸಾಕು. ಗದ್ಯದಲ್ಲಿ ನನಗೆ ಜಾಸ್ತಿ ಕಾಟ ಕೊಡುವುದು ಈ ‘ಅಲ್ಲಿ’, ಮತ್ತೆ ‘ಮಾಡಲಾಗಿದೆ, ಹೇಳಲಾಗಿದೆ’ ಅಂತ ಬರುವ ‘ಲಾಗಿದೆ’. ಬರೆದವರಿಗೆ ಅವು ಕೇಳಿಸಿಯೇ ಇರುವುದಿಲ್ಲ. ಕಥೆಗಾರರಿಗೆ ‘ಎಸೆದ’ ಮೂರು ಸಲವೂ ಕೇಳಿಸಿತ್ತು.

ಆ ಸಾಲನ್ನು ಇದ್ದ ಹಾಗೇ ವಾಪಸ್ ಹಾಕಿದೆ. ಮರುದಿನ ಪುಟ ಕಟ್ಟುವ ಹುಡುಗ ಬಂದ. ‘ಸಾರ್, ಇಲ್ಲಿ ಕಲ್ಲು ಎಸೆದ ಅಂತ ಮೂರು ಸಲ ಟೈಪ್ ಆಗ್ಬಿಟ್ಟಿದೆ. ಎರಡು ತೆಗೆದುಬಿಡ್ಲಾ?’