ಸೀರೆ ಕುಚ್ಚಿನಿಂದ ಕಾಲುಚೀಲದವರೆಗೆ

ಕೈಕೆಲಸದಲ್ಲಿ ಹೊಸದೇನಾದರೂ ಶುರು ಮಾಡುವಾಗ ನನ್ನದೊಂದು ಪದ್ಧತಿ ಇದೆ. ಆ ವಸ್ತುವಿನಲ್ಲಿ ನನಗೆ ಬಾರದ ಕೆಲಸ ಒಂದು ಇರಲೇಬೇಕು. ಎರಡು ಇರಬಾರದು. ಮತ್ತೆ ಅದು ಯಾರಿಗೆ ಅಂತ ಮೊದಲೇ ಗೊತ್ತಿರಬೇಕು.

ಹೊಲಿಗೆ ಕ್ಲಾಸುಗಳಲ್ಲಿ ಸಣ್ಣ ಬಟ್ಟೆ ತುಂಡಿನ ಮೇಲೆ ಒಂದೊಂದೇ ಹೊಲಿಗೆ ಹಾಕಿಸಿ, ಫೈಲಿಗೆ ಅಂಟಿಸುತ್ತಾರೆ. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಆ ತುಂಡನ್ನು ಯಾರೂ ಉಡೋದಿಲ್ಲ, ತೊಳೆಯೋದಿಲ್ಲ. ಒಂದು ಹೊಲಿಗೆ ಎಷ್ಟು ಗಟ್ಟಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಚುಚ್ಚುತ್ತದೆ ಅನ್ನೋದು ಉಟ್ಟು ತೊಳೆದ ಮೇಲೆ ತಾನೇ ತಿಳಿಯೋದು?

ಕ್ರೋಶಾ, ಅಂದರೆ ಮೊನೆಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ದಾರ ಹೆಣೆಯುವುದು, ನಾನು ಕಲಿತಿದ್ದು ಸೀರೆ ಕುಚ್ಚಿನಿಂದ. ಧಾರವಾಡದಲ್ಲಿ ನಮ್ಮ ಓಣಿಯಲ್ಲೇ ಒಬ್ಬ ಅಕ್ಕಾರು ಮನೆಯಲ್ಲಿ ಕೂತು ಕುಚ್ಚು ಹಾಕುತ್ತಾರೆ. ತಂಗಿಯ ಸೀಮಂತದ ಸೀರೆಗೆ ನಾನೇ ಹಾಕುತ್ತೇನೆ ಅಂದಾಗ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಅವರ ಮೊದಲ ಮಾತು ಕಡ್ಡಿ ಬಗ್ಗೆ ಅಲ್ಲ, ಎಡಗೈ ಬಗ್ಗೆ. "ದಾರಾ ಬಿಗಿ ಹಿಡಿಬ್ಯಾಡವ್ವಾ. ಬೆರಳಿನ ಮ್ಯಾಲೆ ತಾನ ಹರೀಲಿ." ವಿಡಿಯೋಗಳಲ್ಲಿ ಎಲ್ಲರೂ ಬಲಗೈಯ ಕಡ್ಡಿಯನ್ನೇ ನೋಡುತ್ತೇವೆ. ಚೈನುಗಳು, ಅಂದರೆ ಒಂದರೊಳಗೊಂದು ಸಿಕ್ಕಿಸಿದ ದಾರದ ಕುಣಿಕೆಗಳು, ಒಂದೇ ಸಮ ಬರುವುದು ಮಾತ್ರ ಎಡಗೈಯಿಂದ. ತೋರುಬೆರಳಿನ ಮೇಲೆ ದಾರ ಹೇಗೆ ಜಾರುತ್ತದೆ ಅನ್ನೋದರಲ್ಲೇ ಎಲ್ಲಾ ಇದೆ.

ಕುಚ್ಚಿಗೆ ರೇಷ್ಮೆ ದಾರದ ಹಲವು ಎಳೆ ಸೇರಿಸಿ ಕೆಲಸ ಮಾಡಬೇಕು. ಅದು ಜಾರುತ್ತದೆ, ಎಳೆ ಬಿಡಿಸಿಕೊಳ್ಳುತ್ತದೆ. ಕಡ್ಡಿಯ ಮೊನೆ ಬಹಳ ಸಣ್ಣದು, ಸೆರಗಿನ ಅಂಚಿಗೆ ಚುಚ್ಚಿ ದಾರ ಎಳೆದುಕೊಳ್ಳಬೇಕಲ್ಲ. ಅಂಗಡಿಯಲ್ಲಿ ಕೇಳುವಾಗ ಒಂದು ವಿಷಯ ನೆನಪಿಡಿ: ಸ್ಟೀಲ್ ಕಡ್ಡಿಯಲ್ಲಿ ನಂಬರ್ ಜಾಸ್ತಿ ಆದಷ್ಟೂ ಮೊನೆ ಸಣ್ಣದಾಗುತ್ತದೆ. ಉಲ್ಲನ್‌ಗೆ ಬಳಸುವ ದಪ್ಪ ಅಲ್ಯುಮಿನಿಯಂ ಕಡ್ಡಿಗಳ ಮೇಲೆ ಮಿಲಿಮೀಟರ್ ಬರೆದಿರುತ್ತದೆ, ಅಲ್ಲಿ ಲೆಕ್ಕ ನೇರ.

ಮೊದಲು ಸೆರಗಿನ ಅಂಚಿನುದ್ದಕ್ಕೂ ಸ್ಕೇಲ್ ಇಟ್ಟು ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡೆವು. ಗುರುತಿನಿಂದ ಗುರುತಿಗೆ ಚೈನಿನ ಕಮಾನು. ಕಮಾನಿನೊಳಗೆ ಡಬಲ್ ಕ್ರೋಶಾ ಅನ್ನುವ ಎತ್ತರದ ಹೊಲಿಗೆ ತುಂಬುವುದು, ನಡುವೆ ಮಣಿ, ಕೆಳಗೆ ಗೊಂಡೆ. ಸೀರೆಯ ಅಗಲ ಹತ್ತಿರ ಹತ್ತಿರ 45 ಇಂಚು. ಒಂದೇ ಕೆಲಸ ಅಷ್ಟುದ್ದ ಮಾಡುತ್ತಾ ಹೋದಾಗ ಕೈಗೆ ಅದು ಕೂರುತ್ತದೆ. ಸೆರಗಿನ ಆ ತುದಿಗೆ ಬರುವ ಹೊತ್ತಿಗೆ ನಾನು ಕಡ್ಡಿ ನೋಡದೆ ಮಾತಾಡುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಂಟು ಹತ್ತು ಸಾವಿರದ ಸೀರೆ ತಗೊಂಡು ಬಂದು "ಬರೀ ಕುಚ್ಚಿಗೆ ಇಷ್ಟ್ಯಾಕ್ರಿ?" ಅಂತ ಚೌಕಾಸಿ ಮಾಡುವವರನ್ನು ಆ ಮನೆಯಲ್ಲಿ ಕೂತೇ ನೋಡಿದ್ದೇನೆ. ಕಣ್ಣು, ಕತ್ತು, ಬೆರಳು ಮೂರೂ ದುಡಿಯುವ ಕೆಲಸ ಅದು. ಕೇಳಿದಷ್ಟು ಕೊಡಿ. ನಾನೇ ಹಾಕಿ ನೋಡಿದ ಮೇಲೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ಕುಚ್ಚು ಬಂದ ಮೇಲೆ ಉಲ್ಲನ್ ಟೊಪ್ಪಿಗೆ ಸುಲಭ. ಅದರಲ್ಲಿ ಬಾರದ ಕೆಲಸ ಒಂದೇ, ದುಂಡಗೆ ಹೆಣೆಯುವುದು. ಸಿಂಗಲ್ ಕ್ರೋಶಾ ಅನ್ನುವ ಗಿಡ್ಡ ಹೊಲಿಗೆಯಾದರೆ ಮೊದಲ ಸುತ್ತಿಗೆ 6 ಹೊಲಿಗೆ, ಆಮೇಲೆ 12, 18, 24. ಪ್ರತಿ ಸುತ್ತಿಗೆ 6 ಸೇರಿಸುತ್ತಾ ಹೋದರೆ ಚಪ್ಪಟೆ ಚಕ್ರ ಬರುತ್ತದೆ. ಸೇರಿಸೋದು ನಿಲ್ಲಿಸಿದ ಸುತ್ತಿನಿಂದ ಅದು ಕೆಳಕ್ಕೆ ಬಾಗಿ ಬಟ್ಟಲಾಗುತ್ತದೆ. ಎಲ್ಲಿ ನಿಲ್ಲಿಸಬೇಕು? ಆಗ ತಾನೇ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್. 3.14ರಿಂದ ಭಾಗಿಸಿದರೆ 11. ಚಕ್ರದ ಅಡ್ಡಗಲ 11ಕ್ಕಿಂತ ಚೂರು ಕಡಿಮೆ ಇದ್ದಾಗ ನಿಲ್ಲಿಸಿದರೆ ಸರಿ, ಉಲ್ಲನ್ ಹಿಗ್ಗುತ್ತದೆ. ಶಾಲೆಯ ಗಣಿತ ಹೀಗೆ ಕೈಗೆ ಬಂದದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಇಂಟರ್ನೆಟ್ಟಿನಿಂದ ಪ್ಯಾಟರ್ನ್ ತೆಗೆದುಕೊಳ್ಳುವವರು ಅದು ಅಮೆರಿಕದ್ದಾ ಇಂಗ್ಲೆಂಡಿನದ್ದಾ ಅಂತ ಮೊದಲು ನೋಡಿಕೊಳ್ಳಿ. ಅಮೆರಿಕದವರ ಸಿಂಗಲ್ ಕ್ರೋಶಾವನ್ನೇ ಇಂಗ್ಲೆಂಡಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ನಾನು ಇಲ್ಲಿ ಬರೆದಿರುವುದೆಲ್ಲ ಅಮೆರಿಕದ ಲೆಕ್ಕ.

ತಂಗಿಗೆ ಮಗಳು ಹುಟ್ಟಿದಾಗ ಅವ್ವ ಒಂದೇ ಮಾತು ಹೇಳಿದಳು. "ಉಲ್ಲನ್ ಟೊಪ್ಪಿಗಿ ಇರಲಿ, ತೊಟ್ಟಿಲಿಗೆ ಹಾಕೂ ಮುಂದ ಖಣದ ಕುಲಾವಿ ಬೇಕು." ನಮ್ಮ ಕಡೆ ಕೂಸಿಗೆ ಕುಲಾವಿ, ಕುಂಚಿಗೆ ಹೊಲಿಯುವುದು ಹಿಂದಿನಿಂದ ಬಂದದ್ದು. ಕುಲಾವಿ ತಲೆಗೆ ಮಾತ್ರ. ಕುಂಚಿಗೆ ತಲೆಯಿಂದ ಬೆನ್ನಿನ ತನಕ ಇಳಿಯುತ್ತದೆ. ಖಣ ಅಂದರೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಕುಪ್ಪಸದ ಬಟ್ಟೆ. ಎರಡೂ ಬದಿಗೆ ಅಂಚು, ನಡುವೆ ಒತ್ತೊತ್ತಾಗಿ ಸಣ್ಣ ಸಣ್ಣ ಚಿತ್ತಾರ. ಕತ್ತರಿ ಹಾಕಲು ಮನಸ್ಸೇ ಬರುವುದಿಲ್ಲ ಅಂಥ ಬಟ್ಟೆಗೆ.

ನಾನು ರವಿಕೆ ಹೊಲಿಯುತ್ತೇನೆ, ಹಾಗಾಗಿ ಬಾಗಿದ ಅಂಚನ್ನು ನೇರ ಪಟ್ಟಿಗೆ ಕೂರಿಸುವುದು ಹೊಸದಲ್ಲ. ಹೊಸದು ಅಂದರೆ ಸುತ್ತಲಿನ ಪೈಪಿಂಗ್, ಅಂಚಿಗೆ ಕೂರಿಸುವ ಸಣ್ಣ ಪಟ್ಟಿ. ರವಿಕೆಯ ಕುತ್ತಿಗೆಗೆ ಅದನ್ನು ಇಷ್ಟು ದಿನ ಹೊರಗೆ ಕೊಟ್ಟು ಮಾಡಿಸುತ್ತಿದ್ದೆ. ಸುಭಾಸ ರಸ್ತೆ ಕಡೆ ನಮಗೆ ಪರಿಚಯದ ಟೇಲರ್ ಕಾಕಾ ಒಬ್ಬರಿದ್ದಾರೆ. ಖಣ ತೋರಿಸಿದ ಕೂಡಲೇ ಅಂದರು, "ಇದಕ್ಕ ಕತ್ತರಿ ಹಚ್ಚೂ ಮುಂಚೆ ಕಾಗದಾ ಕತ್ತರಿಸು. ಕಾಗದಾ ಮತ್ತ ಸಿಗತದ." ಹಣೆಯಿಂದ ಕತ್ತಿನ ತನಕ ಹೋಗುವ ನಡುವಿನ ಪಟ್ಟಿ ಒಂದು, ಕಿವಿಯ ಬದಿಗೆ ಎರಡು ತುಂಡು. ಖಣದ ಅಂಚು ಹಣೆಯ ಮೇಲೆ ಬರುವ ಹಾಗೆ ಕಾಗದವನ್ನು ತಿರುಗಿಸಿ ತಿರುಗಿಸಿ ಇಟ್ಟು ನೋಡಿದೆವು.

ಪೈಪಿಂಗ್‌ಗೆ ಕ್ರಾಸ್ ಪೀಸ್ ಬೇಕು. ಅಂದರೆ ಬಟ್ಟೆಯನ್ನು ನೇರಕ್ಕಲ್ಲ, 45 ಡಿಗ್ರಿ ಓರೆಗೆ ಕತ್ತರಿಸಿದ ಪಟ್ಟಿ. ಯಾಕೆ ಅಂತ ಕಾಕಾ ಕೈಯಲ್ಲೇ ತೋರಿಸಿದರು. ಬಟ್ಟೆಯನ್ನು ಹಾಸಿನ (ಉದ್ದನೆ ಎಳೆಗಳ) ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ, ಹೊಕ್ಕಿನ (ಅಡ್ಡ ಎಳೆಗಳ) ಉದ್ದಕ್ಕೂ ಅಷ್ಟಾಗಿ ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಎಳೆಗಳ ಚೌಕವೇ ವಾಲಿ ಉದ್ದವಾಗುತ್ತದೆ. ಅದಕ್ಕೇ ಓರೆ ಪಟ್ಟಿ ಯಾವ ತಿರುವಿಗೂ ನೆರಿಗೆ ಬೀಳದೆ ಬಾಗುತ್ತದೆ. ರವಿಕೆ ಕುತ್ತಿಗೆಯನ್ನು ನಾನು ಎಷ್ಟು ವರ್ಷದಿಂದ ನೋಡುತ್ತಿದ್ದೇನೆ! ಅದರ ಗುಟ್ಟು ಗೊತ್ತಾಗಿದ್ದು ಅಂಗೈಯಷ್ಟು ಕುಲಾವಿಯಲ್ಲಿ.

ಒಳಗೆ ಅವ್ವನ ಹಳೆಯ ಮೆತ್ತನೆ ಹತ್ತಿ ಸೀರೆಯ ಲೈನಿಂಗ್ ಕೊಟ್ಟೆ. ಖಣದ ಕತ್ತರಿಸಿದ ಬದಿಯಿಂದ ಎಳೆ ಬಿಡುತ್ತದೆ, ಕೂಸಿನ ನೆತ್ತಿಗೆ ಅದು ತಾಗಬಾರದು. ಮಿಷನ್‌ಗೆ 14ರ ಸೂಜಿ ತೆಗೆದು 11 ಹಾಕಿದೆ, ಬಟ್ಟೆ ನಯವಾಗಿದ್ದಷ್ಟೂ ಸೂಜಿ ಸಣ್ಣದಿರಬೇಕು. ಕಟ್ಟುವ ಲಾಡಿಯನ್ನು ಗಿಡ್ಡ ಇಟ್ಟು ಗಟ್ಟಿಯಾಗಿ ಹೊಲಿದೆ. ಉದ್ದನೆ ದಾರ, ಸಡಿಲ ಮಣಿ ಇಂಥವನ್ನು ಕೂಸುಗಳ ವಸ್ತುವಿಗೆ ನಾನು ಹಾಕುವುದೇ ಇಲ್ಲ. ತೊಟ್ಟಿಲ ಶಾಸ್ತ್ರ ಮುಗಿದ ಮೇಲೆ ಕುಲಾವಿ ಬಿಚ್ಚಿ ಮಗುವನ್ನು ಮಲಗಿಸಿದೆವು.

ನಿಟ್ಟಿಂಗ್‌ಗೆ ಬಂದಿದ್ದು ಅಪ್ಪನ ಸ್ವೆಟರ್‌ನಿಂದ. ಎರಡು ಕಡ್ಡಿಯಲ್ಲಿ ಸೀದಾ, ಉಲ್ಟಾ ಹಾಕಿ ಮಫ್ಲರ್ ಹೆಣೆಯಲು ಬರುತ್ತಿತ್ತು. ಮಫ್ಲರ್‌ಗೆ ಅಳತೆಯ ಹಂಗಿಲ್ಲ. ಸ್ವೆಟರ್‌ಗೆ ಮೈ ಇದೆ. ಹಾಗಾಗಿ ಈ ಸಲ ಕಲಿಯಬೇಕಾದದ್ದು ಅಳತೆ.

ಉಲ್ಲನ್ ಉಂಡೆಯ ಮೇಲಿನ ಚೀಟಿಯನ್ನು ನಾವು ಹರಿದು ಬಿಸಾಡುತ್ತೇವೆ ಅಲ್ವಾ? ಅದನ್ನು ಜೋಪಾನವಾಗಿ ಇಡಿ. ಯಾವ ಕಡ್ಡಿಗೆ 10 ಸೆಂಟಿಮೀಟರಿನಲ್ಲಿ ಎಷ್ಟು ಹೊಲಿಗೆ ಬರುತ್ತದೆ ಅಂತ ಅದರಲ್ಲಿರುತ್ತದೆ. ಮಧ್ಯಮ ದಪ್ಪದ ಡಿಕೆ (ಡಬಲ್ ನಿಟ್ಟಿಂಗ್) ಉಲ್ಲನ್‌ಗೆ ಸಾಮಾನ್ಯವಾಗಿ 4 ಮಿಲಿಮೀಟರ್ ಕಡ್ಡಿಯಲ್ಲಿ 22 ಹೊಲಿಗೆ. ಆ ಲೆಕ್ಕದಲ್ಲಿ 100 ಸೆಂಟಿಮೀಟರ್ ಸುತ್ತಳತೆಗೆ 220 ಹೊಲಿಗೆ ಬೇಕು. ಆದರೆ ನಿಮ್ಮ ಕೈ ಸಡಿಲ ಇದ್ದು 20 ಹೊಲಿಗೆಯೇ 10 ಸೆಂಟಿಮೀಟರ್ ಆದರೆ, ಅದೇ 220 ಹೊಲಿಗೆ 110 ಸೆಂಟಿಮೀಟರ್ ಆಗುತ್ತದೆ! ಒಂದು ಸಣ್ಣ ಚೌಕ ಹೆಣೆದು, ತೊಳೆದು, ಒಣಗಿಸಿ, ಅಳೆದು ಆಮೇಲೆ ಸ್ವೆಟರಿಗೆ ಕೂರಬೇಕು. ತೊಳೆಯದೆ ಅಳೆದರೆ ಉಪಯೋಗವಿಲ್ಲ.

ಅಪ್ಪ ಬೆಳಗಿನ ಜಾವ ವಾಕಿಂಗ್ ಹೋಗುವವರು. ಅವರ ಬೇಡಿಕೆ ಒಂದೇ. "ತೋಳು ಉದ್ದ ಬ್ಯಾಡವಾ, ಚಹಾದಾಗ ಅದ್ದತದ." ಅದಕ್ಕೆ ಮುಂಗೈಯಲ್ಲಿ ಒಂದು ಸೀದಾ ಒಂದು ಉಲ್ಟಾ ಹಾಕಿದ ರಿಬ್ ಸ್ವಲ್ಪ ಉದ್ದ ಇಟ್ಟೆ. ರಿಬ್ ಹಿಗ್ಗಿ ಮತ್ತೆ ಕುಗ್ಗುತ್ತದೆ, ತೋಳನ್ನು ಮೇಲೇ ಹಿಡಿದಿಡುತ್ತದೆ. ಹೆಣೆಯುತ್ತಾ ಹೆಣಿಗೆಯನ್ನು ಓದುವುದೂ ಬಂತು. ಸೀದಾ ಹೊಲಿಗೆ ಈ ಕಡೆಯಿಂದ ಇಂಗ್ಲಿಷಿನ ವಿ ಅಕ್ಷರ, ಆ ಕಡೆಯಿಂದ ಸಣ್ಣ ಉಬ್ಬು. ಇಷ್ಟು ಕಣ್ಣಿಗೆ ಹತ್ತಿತೆಂದರೆ ಎಲ್ಲಿಗೆ ಬಿಟ್ಟಿದ್ದೆ ಅಂತ ಚೀಟಿಯಲ್ಲಿ ಬರೆದಿಡಬೇಕಿಲ್ಲ. ಕಡ್ಡಿಯಿಂದ ಹೊಲಿಗೆ ಜಾರಿ ಕೆಳಕ್ಕೆ ಏಣಿಯಾದರೆ, ಕ್ರೋಶಾ ಕಡ್ಡಿ ಹಾಕಿ ಒಂದೊಂದೇ ಮೆಟ್ಟಿಲು ಮೇಲಕ್ಕೆ ಎತ್ತಿಕೊಳ್ಳಬಹುದು. ಕುಚ್ಚಿನಲ್ಲಿ ಪಳಗಿದ ಬೆರಳು ಇಲ್ಲಿ ಕೆಲಸಕ್ಕೆ ಬಂತು.

ಈಗ ಅವ್ವನಿಗೆ ಕಾಲುಚೀಲ ಹೆಣೆಯುತ್ತಿದ್ದೇನೆ. ಚಳಿಗಾಲಕ್ಕೆ ಅವಳ ಹಿಮ್ಮಡಿ ಒಡೆಯುತ್ತದೆ. ಎರಡೂ ಕಡೆ ಮೊನೆಯಿರುವ ಗಿಡ್ಡ ಕಡ್ಡಿಗಳಲ್ಲಿ ಸುತ್ತ ಹೆಣೆಯುವುದನ್ನು ಟೊಪ್ಪಿಗೆಯೊಂದರಲ್ಲಿ ಕಲಿತಾಗಿದೆ. ಹೊಸ ಕೆಲಸ ಹಿಮ್ಮಡಿ. ಅರ್ಧ ಹೊಲಿಗೆಗಳನ್ನು ಸುಮ್ನೆ ಕಾಯಲು ಬಿಟ್ಟು, ಉಳಿದರ್ಧದಲ್ಲಿ ಆಕಡೆ ಈಕಡೆ ಹೆಣೆಯುತ್ತಾ ಒಂದು ಪಟ್ಟಿ ಮಾಡಬೇಕು. ಆ ಪಟ್ಟಿಯ ಸೀದಾ ಸಾಲಿನಲ್ಲಿ ಒಂದು ಬಿಟ್ಟು ಒಂದು ಹೊಲಿಗೆಯನ್ನು ಹೆಣೆಯದೆ ಹಾಗೇ ದಾಟಿಸಿದರೆ ದಾರ ಹಿಂದೆ ಹಾದುಹೋಗಿ ಹಿಮ್ಮಡಿ ದಪ್ಪ ಆಗುತ್ತದೆ, ಬೇಗ ಸವೆಯುವುದಿಲ್ಲ. ಅವ್ವನಿಗೆ ಬೇಕಾದದ್ದು ಅದೇ. ಪಾದದ ಅಳತೆ ತೆಗೆದುಕೊಂಡು, ಉದ್ದ ಚೂರು ಕಡಿಮೆಯೇ ಇಟ್ಟಿದ್ದೇನೆ, ಕಾಲಿಗೆ ಹಾಕಿದಾಗ ಎಳೆದು ಕೂರುವ ಹಾಗೆ. ಬಣ್ಣ ಅವಳೇ ಆರಿಸಿದ್ದು, ಬದನೆಕಾಯಿ ಬಣ್ಣ. ಬಿಳಿ ಉಂಡೆ ತೋರಿಸಿದರೆ, "ನಾ ಮನಿ ತುಂಬ ಓಡಾಡಾಕಿ, ಅದು ಯಾಕ ಬೇಕು?" ಅಂದಳು.